ರೂಢಿಯಾಗುತ್ತದೆ ಎಂಬ ಮಾತು

ನಮ್ಮ ಕಡೆಯ ಜನರು ಯಾವ ಕಷ್ಟಕ್ಕೂ ಹೇಳುವ ಸಮಾಧಾನದ ಮಾತೊಂದಿದೆ: "ಇರ್ಲಿ ಬಿಡು, ರೂಢಿ ಆಕ್ಕೈತಿ." ಹೊಸ ಸೊಸೆಗೆ ಅತ್ತೆಯ ಮನೆ, ಎಳೆಯ ಎತ್ತಿಗೆ ನೊಗ, ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಪೇಟೆಯ ವಾಸ, ಎಲ್ಲಕ್ಕೂ ಇದೊಂದೇ ಮದ್ದು. ಈ ಮಾತು ಸುಳ್ಳೆಂದು ನಾನು ಹೇಳಲಾರೆ. ನೆರೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಸುಗ್ಗಿಯ ಕಾಲದಲ್ಲಿ ಒಮ್ಮೆ ಹೊಕ್ಕು ನೋಡಿರಿ. ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೇ ಹೊರತು ಖಾರಕ್ಕಲ್ಲ. ಆದರೂ ಹೊಸಬನು ಬಾಗಿಲು ದಾಟುವಷ್ಟರಲ್ಲಿ ಸೀನುತ್ತಾನೆ, ಕೆಮ್ಮುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ. ಅದೇ ಅಂಗಳದಲ್ಲಿ ಚೀಲ ಹೊರುವ ಹಮಾಲರು ನಗುತ್ತ ಚಹಾ ಕುಡಿಯುತ್ತಿರುತ್ತಾರೆ. ಘಾಟು ಇಬ್ಬರಿಗೂ ಒಂದೇ. ಒಬ್ಬರ ಮೂಗಿಗೆ ಅದು ರೂಢಿಯಾಗಿದೆ, ಇನ್ನೊಬ್ಬರ ಮೂಗಿಗೆ ಆಗಿಲ್ಲ. ಸೀನುವ ಹೊಸಬನನ್ನು ಅಲ್ಲಿ ಯಾರೂ ಹಟಮಾರಿ ಎನ್ನುವದಿಲ್ಲ. ಅವನ ಮೂಗು ಅಂಥದು ಎಂದು ಎಲ್ಲರೂ ಒಪ್ಪುತ್ತಾರೆ. ಒಂದು ಲೋಟ ನೀರನ್ನೂ ಕೊಡುತ್ತಾರೆ.

ಆದರೆ ಎಲ್ಲ ದೇಹಗಳಿಗೂ ಎಲ್ಲವೂ ಎಂದಾದರೊಂದು ದಿನ ರೂಢಿಯಾಗಿಯೇ ತೀರುತ್ತದೆಯೆ? ಈ ಪ್ರಶ್ನೆಯನ್ನು ನಮ್ಮ ಗುರುಗಳ ಹಾಗೂ ಸಹಪಾಠಿಗಳ ಮುಂದೆ ಇಡಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಎಷ್ಟು ವರ್ಷ ಕಾದರೂ ಕೆಲವು ಸದ್ದು, ಕೆಲವು ಬೆಳಕು ಕೆಲವರಿಗೆ ರೂಢಿಯಾಗುವದಿಲ್ಲ. ಹಾಗಿರುವಲ್ಲಿ ಸಹಿಸಿಕೊಳ್ಳಿರೆಂದು ಅವರಿಗೆ ಉಪದೇಶಿಸುವದಕ್ಕಿಂತ ಸದ್ದನ್ನೂ ಬೆಳಕನ್ನೂ ಸ್ವಲ್ಪ ತಗ್ಗಿಸುವದು ಸುಲಭವೂ ನ್ಯಾಯವೂ ಆದ ದಾರಿ. ಇದು ನನ್ನ ಅಭಿಮತ. ಇದಕ್ಕೆ ಇಪ್ಪತ್ತು ವರ್ಷದ ನನ್ನ ಅನುಭವವೇ ಮೊದಲ ಆಧಾರ. ನಾನು ಆಟಿಸಂ ಇರುವವಳು. ವೈದ್ಯರು ಹಾಗೆಂದು ಹೇಳಿದ್ದು ಹಿಂದಿನ ವರ್ಷ. ನಾನು ಹಾಗಿರುವದು ಹುಟ್ಟಿದಂದಿನಿಂದ.

ಮೊದಲು ಒಂದು ಸಾಮಾನ್ಯ ದಿನದ ವಿಚಾರ ಹೇಳುತ್ತೇನೆ. ಬೆಳಿಗ್ಗೆ ಕುಕ್ಕರಿನ ಸೀಟಿ, ಮಿಕ್ಸರಿನ ಸದ್ದು. ಬಸ್ಸಿನಲ್ಲಿ ಡೀಸೆಲ್ ವಾಸನೆ, ಮುಂದಿನವಳ ಮುಡಿಯ ಮಲ್ಲಿಗೆ, ಪಕ್ಕದವಳ ತಲೆಯೆಣ್ಣೆ, ಇವೆಲ್ಲ ಒಂದರಲ್ಲೊಂದು ಬೆರೆಯದೆ ಬೇರೆ ಬೇರೆಯಾಗಿ ಒಮ್ಮೆಲೆ ಮೂಗಿಗೆ ಹೊಡೆಯುತ್ತವೆ. ರವಿಕೆಯ ಕೊರಳ ಹಿಂದೆ ಹೊಲಿದ ಚೀಟಿ ಇಡೀ ದಿನ ಮುಳ್ಳಿನಂತೆ ಚುಚ್ಚುತ್ತದೆ. ಕಾಲೇಜು ಮುಟ್ಟುವಷ್ಟರಲ್ಲಿ ನಾನು ಅರ್ಧ ದಣಿದಿರುತ್ತೇನೆ. ತಾಸಿನ ಗಂಟೆ ಬಾರಿಸಿದಾಗ ಅದು ಕಿವಿಯಲ್ಲಿ ನಿಲ್ಲದೆ ಹಲ್ಲಿನವರೆಗೆ ಇಳಿಯುತ್ತದೆ. ಅರವತ್ತು ಜನ ಒಮ್ಮೆಲೆ ಎದ್ದು ಬೆಂಚು ಎಳೆದರೆ ಮುಂದಿನ ಕೆಲವು ನಿಮಿಷ ಗುರುಗಳ ಮಾತು ನನಗೆ ಮಾತಾಗಿ ಕೇಳುವದಿಲ್ಲ. ಅದೂ ಒಂದು ಸದ್ದಾಗಿಯೇ ಉಳಿಯುತ್ತದೆ. ಮಧ್ಯಾಹ್ನ ಯಾರಾದರೂ ಮಾತನಾಡಿಸಿದರೆ ಉತ್ತರ ಮನಸ್ಸಿನಲ್ಲಿರುತ್ತದೆ, ನಾಲಿಗೆಗೆ ಬರುವದಿಲ್ಲ. ಆಗ ನನಗೆ 'ಸೊಕ್ಕಿನವಳು' ಎಂಬ ಬಿರುದು ಸಿಗುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು. ಕೆಲವು ಸಂಗತಿಗಳು ನನಗೆ ಕಡಿಮೆ ತಿಳಿಯುತ್ತವೆ. ಹಸಿವಾದದ್ದು ತಿಳಿಯದೆ ಕಣ್ಣು ಕತ್ತಲೆ ಬಂದದ್ದುಂಟು. ಒಲೆಯ ಮುಂದೆ ಕೈ ಸುಟ್ಟದ್ದನ್ನು ಅವ್ವನೇ ಮೊದಲು ಕಂಡದ್ದುಂಟು. ಕೈಯಲ್ಲಿ ನುಣ್ಣನೆಯ ಹುಣಿಸೆಬೀಜವೊಂದನ್ನು ಹಿಡಿದು ಉಜ್ಜುತ್ತಿದ್ದರೆ ಮನಸ್ಸು ನಿಲ್ಲುತ್ತದೆ. ನಾನು ತರಗತಿಯಲ್ಲಿ ಸದಾ ಮುಷ್ಟಿ ಕಟ್ಟಿ ಕೂಡುವದೇಕೆಂದು ಕೇಳಿದ ಗೆಳತಿಯರಿಗೆ ಇದೇ ಉತ್ತರ.

ಬಾಲ್ಯದಲ್ಲಿ ಇದೆಲ್ಲಕ್ಕೆ ಊರು ಕೊಟ್ಟ ಹೆಸರು 'ಹಟ'. ಮದುವೆಯ ಮನೆಯಲ್ಲಿ ಬ್ಯಾಂಡು ಆರಂಭವಾದೊಡನೆ ನಾನು ಮಂಚದ ಕೆಳಗೆ ಸೇರುತ್ತಿದ್ದೆ. ಎಳೆದು ತಂದು ಕೂಡಿಸಿದರೆ ಕಿರುಚುತ್ತಿದ್ದೆ. "ಮುದ್ದು ಮಾಡಿ ಮಗಳನ್ನ ಕೆಡಿಸ್ಯಾಳ" ಎಂಬ ಮಾತು ಅವ್ವನ ಪಾಲಿಗೆ ಬರುತ್ತಿತ್ತು. ಈ ಆಪಾದನೆ ಹಳ್ಳಿಯ ಅಜ್ಞಾನದಿಂದ ಹುಟ್ಟಿದ್ದೆಂದು ನಾನು ಬಹಳ ದಿನ ತಿಳಿದಿದ್ದೆ. ಮುಂದೆ ಓದಿದಾಗ ತಿಳಿಯಿತು, ಅಮೇರಿಕೆಯ ದೊಡ್ಡ ವಿದ್ವಾಂಸರೂ ಒಂದು ಕಾಲಕ್ಕೆ ಇದಕ್ಕೆ ತಾಯಂದಿರನ್ನೇ ದೂರಿದ್ದರು. ಬ್ರೂನೊ ಬೆಟಲ್‌ಹೈಮ್ ಎಂಬವರು ೧೯೬೭ರಲ್ಲಿ ಒಂದು ಗ್ರಂಥವನ್ನೇ ಬರೆದು, ತಾಯಿಯ ಮಮತೆ ಸಾಲದ್ದರಿಂದ ಮಗು ಹೀಗಾಗುತ್ತದೆಂದು ವಾದಿಸಿದರು. ಅಲ್ಲಿ ಮಮತೆ ಸಾಲದೆಂದು ದೂರು, ನಮ್ಮಲ್ಲಿ ಮಮತೆ ಹೆಚ್ಚಾಯಿತೆಂದು ದೂರು! ಎರಡೂ ಕಡೆ ತಲೆ ತಗ್ಗಿಸಿದವಳು ತಾಯಿಯೇ. ಆ ವಾದ ಇಂದು ಸಂಪೂರ್ಣ ಬಿದ್ದುಹೋಗಿದೆ.

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಒಕ್ಕಲಿಗರು ದನಗಳ ವಿಷಯದಲ್ಲಿ ಎಷ್ಟು ಬಲ್ಲವರೆಂಬುದನ್ನು ನೆನೆದಾಗ ನನಗೆ ಆಶ್ಚರ್ಯವಾಗುತ್ತದೆ. ದೀಪಾವಳಿ ಮುಗಿಯುತ್ತಲೂ ನಮ್ಮಲ್ಲಿ ಹೋರಿ ಬೆದರಿಸುವ ಹಬ್ಬ ಬರುತ್ತದೆ. ಕೊಬ್ಬರಿಯ ಹಾರ, ಜೂಲಗಳಿಂದ ಶೃಂಗರಿಸಿದ ಹೋರಿಗಳನ್ನು ಪಟಾಕಿ, ಹಲಗೆ, ಕೇಕೆಗಳ ನಡುವೆ ಓಡಿಸುವದು, ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯುವದು ತಮಗೆಲ್ಲ ಗೊತ್ತಿದ್ದದ್ದೇ. ಆದರೆ ಯಾವ ಹೋರಿ ಹಲಗೆಗೆ ಬೆದರುತ್ತದೆ, ಯಾವದು ಬಣ್ಣದ ಬಟ್ಟೆಗೆ ಬೆದರುತ್ತದೆ, ಯಾವದು ಯಾವದಕ್ಕೂ ಜಗ್ಗುವದಿಲ್ಲ ಎಂಬುದು ಅದನ್ನು ಸಾಕಿದವನಿಗೆ ಪಾಠವಾಗಿರುತ್ತದೆ. ಗಾಡಿಯ ಎತ್ತು ಲಾರಿಯ ಹಾರ್ನಿಗೆ ಬೆದರಿದರೆ ಅಪ್ಪ ಅದನ್ನು ಹೊಡೆಯುವದಿಲ್ಲ. "ಅದರ ಕಿವಿ ಸೂಕ್ಷ್ಮ ಐತಿ" ಎಂದು ಇಳಿದು ಕೊರಳ ಮೇಲೆ ಕೈಯಿಡುತ್ತಾನೆ. ಎತ್ತಿನ ಕಿವಿ ಸೂಕ್ಷ್ಮವಿರಬಹುದೆಂದು ಒಪ್ಪಿದ ಮನೆಯಲ್ಲಿ ಮಗಳ ಕಿವಿ ಸೂಕ್ಷ್ಮವಿರಬಹುದೆಂದು ಹೊಳೆಯಲು ಹದಿನೆಂಟು ವರ್ಷ ಬೇಕಾದವು. ಅಪ್ಪನನ್ನು ನಾನು ದೂರುತ್ತಿಲ್ಲ. ಎತ್ತಿನ ಬಗೆಗೆ ಅವನಿಗೆ ಅವನ ಅಪ್ಪ ಹೇಳಿಕೊಟ್ಟಿದ್ದ. ನನ್ನಂಥವಳ ಬಗೆಗೆ ಹೇಳಿಕೊಡುವವರು ಯಾರೂ ಇದ್ದಿಲ್ಲ.

ಒಬ್ಬಳು ಮಾತ್ರ ಯಾರೂ ಹೇಳಿಕೊಡದೆಯೆ ತಿಳಿದುಕೊಂಡಿದ್ದಳು. ಆಕೆ ನನ್ನ ಅಜ್ಜಿ. ಹಬ್ಬದ ದಿನ ಪಟಾಕಿಯ ಸದ್ದು ಕೇಳಿಬಂದೊಡನೆ ಆಕೆ ನನ್ನನ್ನು ಒಳಗಿನ ಕತ್ತಲೆ ಕೋಣೆಗೆ ಕರೆದೊಯ್ದು ಮಲಗಿಸಿ, ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಭಾರದ ಕೌದಿಗಳೆರಡನ್ನು ಮೇಲೆ ಹೊದಿಸಿ, ಅದರ ಮೇಲೆ ತನ್ನ ಕೈಯನ್ನೂ ಊರಿ ಕೂಡುತ್ತಿದ್ದಳು. ಏನೂ ಮಾತಾಡುತ್ತಿದ್ದಿಲ್ಲ. ಆ ಭಾರದ ಕೆಳಗೆ ನನ್ನ ಉಸಿರು ಸಮವಾಗುತ್ತಿತ್ತು.

ಇನ್ನು ಈ ವಿಷಯದಲ್ಲಿ ತಿಳಿದವರು ಹೇಳುವದನ್ನು ನೋಡೋಣ. ಗೋಡೆಯ ಗಡಿಯಾರದ ಸದ್ದು ತಮಗೆ ಈಗ ಕೇಳುತ್ತಿಲ್ಲ. ಅದರ ಮಾತು ತೆಗೆದೊಡನೆ ಕೇಳಹತ್ತುತ್ತದೆ. ಮತ್ತೆ ಮತ್ತೆ ಬರುವ ನಿರುಪದ್ರವಿ ಸದ್ದನ್ನು ಹಿಂದಕ್ಕೆ ಸರಿಸಿ, ಹೊಸದನ್ನು ಮುಂದೆ ಮಾಡುವದು ಮಿದುಳಿನ ಕೆಲಸ. ಆಟಿಸಂ ಇರುವ ಅನೇಕರಲ್ಲಿ ಈ ಹಿಂದಕ್ಕೆ ಸರಿಸುವ ಕೆಲಸ ನಿಧಾನವಾಗಿ ಆಗುತ್ತದೆ, ಇಲ್ಲವೆ ಆಗುವದೇ ಇಲ್ಲ. ಹತ್ತನೆಯ ಸಲ ಬಂದ ಸದ್ದೂ ಮೊದಲನೆಯ ಸಲದಷ್ಟೇ ಜೋರಾಗಿ ಬರುತ್ತದೆ. ರೂಢಿಯೆಂದು ನಾವು ಯಾವದಕ್ಕೆ ಹೆಸರಿಟ್ಟಿದ್ದೇವೆಯೋ ಅದನ್ನು ನಡೆಯಿಸುವ ಯಂತ್ರವೇ ಅವರಲ್ಲಿ ಬೇರೆ ಬಗೆಯದು. ಹೀಗಿರುವಲ್ಲಿ "ರೂಢಿ ಮಾಡಿಕೋ" ಎನ್ನುವದು ದೂರದ್ದು ಕಾಣದವನಿಗೆ "ಕಣ್ಣು ಗಟ್ಟಿ ಮಾಡಿ ನೋಡು" ಎಂದಂತೆ.

ಆಟಿಸಂ ಎಂಬ ಪದವನ್ನು ಮೊದಲು ಬಳಸಿದವರು ಸ್ವಿಟ್ಜರ್ಲೆಂಡಿನ ವೈದ್ಯ ಓಯ್ಗೆನ್ ಬ್ಲಾಯ್ಲರ್. ಅದೂ ಬೇರೊಂದು ಕಾಯಿಲೆಯ ಲಕ್ಷಣವನ್ನು ಹೇಳುವದಕ್ಕಾಗಿ. ಇಂಥ ಮಕ್ಕಳನ್ನು ಸೋವಿಯತ್ ದೇಶದ ವೈದ್ಯೆ ಗ್ರೂನ್ಯಾ ಸುಖಾರೆವಾ ೧೯೨೫ರಲ್ಲಿ ವರ್ಣಿಸಿದರು. ೧೯೪೩ರಲ್ಲಿ ಅಮೇರಿಕೆಯಲ್ಲಿ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ದೊಡ್ಡ ಸದ್ದಿಗೆ ಈ ಮಕ್ಕಳು ಅಂಜುವದನ್ನು ಅವರು ಅದರಲ್ಲಿಯೇ ಗುರುತಿಸಿದ್ದರು. ಆದರೆ ವೈದ್ಯರು ನಿರ್ಣಯಕ್ಕೆ ಬಳಸುವ ಅಮೇರಿಕೆಯ ಕೈಪಿಡಿಯಲ್ಲಿ ಇಂದ್ರಿಯಗಳ ಅತಿ ಸೂಕ್ಷ್ಮತೆ ಅಥವಾ ಮಂದತೆಯು ಆಟಿಸಂನ ಲಕ್ಷಣಗಳ ಪಟ್ಟಿಗೆ ಸ್ಪಷ್ಟವಾಗಿ ಸೇರಿದ್ದು ೨೦೧೩ರಲ್ಲಿ. ನಡುವೆ ೭೦ ವರ್ಷಗಳು! ನಮ್ಮ ದೇಶದಲ್ಲಿ ಪ್ರಮಾಣಪತ್ರ ಕೊಡುವಾಗ ಬಳಸುವ ಭಾರತೀಯ ಅಳತೆಗೋಲೊಂದಿದೆ. ಅದರಲ್ಲಿ ೪೦ ಅಂಶಗಳು, ಆರು ವಿಭಾಗಗಳು. ಆರರಲ್ಲಿ ಒಂದು ವಿಭಾಗ ಇಂದ್ರಿಯಗಳಿಗೆ ಮೀಸಲು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಜಗತ್ತಿನ ಸುಮಾರು ೧೨೭ ಜನರಲ್ಲಿ ಒಬ್ಬರು ಆಟಿಸಂ ಇರುವವರು. ಅಂದ ಮೇಲೆ ನಮ್ಮ ನಾಲ್ಕು ತಾಲೂಕುಗಳ ಯಾವ ಕಾಲೇಜಿನಲ್ಲಿಯೂ ನಾನು ಒಬ್ಬಳೇ ಇರಲಿಕ್ಕಿಲ್ಲ. ಉಳಿದವರು ಹೆಸರು ತಿಳಿಯದೆ ಹಟಮಾರಿಗಳಾಗಿಯೋ ಸೊಕ್ಕಿನವರಾಗಿಯೋ ಇದ್ದಾರೆ; ಇಲ್ಲವೆ ಓದು ಬಿಟ್ಟು ಮನೆಯಲ್ಲಿದ್ದಾರೆ.

ಕನ್ನಡದಲ್ಲಿ ಆಟಿಸಂಗೆ 'ಸ್ವಲೀನತೆ' ಎಂಬ ಪದವನ್ನು ಬಳಸುತ್ತಾರೆ. ತನ್ನಲ್ಲಿ ತಾನೇ ಲೀನವಾಗಿರುವದು ಎಂದು ಅದರ ಅರ್ಥ. ಪದವೇನೋ ಸುಂದರವಾಗಿದೆ; ಆದರೆ ಅದು ಹೊರಗಿನಿಂದ ನೋಡಿದವರು ಕಟ್ಟಿದ ಪದ. ಮೂಲೆಯಲ್ಲಿ ಕಿವಿ ಮುಚ್ಚಿ ಕುಳಿತ ಮಗುವನ್ನು ಕಂಡು, ಇದಕ್ಕೆ ಲೋಕವೇ ಬೇಡವಾಗಿದೆ ಎಂದುಕೊಂಡರು. ಒಳಗಿನ ಮಾತು ಬೇರೆಯೇ ಇದೆ. ಲೋಕವೆಲ್ಲ ಒಮ್ಮೆಲೆ ಒಳಗೆ ನುಗ್ಗುತ್ತಿರುವದರಿಂದ ಆ ಮಗು ಬಾಗಿಲು ಮುಚ್ಚಲು ನೋಡುತ್ತಿದೆ.

ಒಳಗಿನ ಮಾತನ್ನು ಹೇಳಿದವರು ಜಗತ್ತಿನಲ್ಲಿದ್ದಾರೆ. ದನಗಳ ಮಾತು ಬಂದದ್ದರಿಂದ ಮೊದಲು ಟೆಂಪಲ್ ಗ್ರ್ಯಾಂಡಿನ್ ಅವರನ್ನು ನೆನೆಯುತ್ತೇನೆ. ೧೯೪೭ರಲ್ಲಿ ಅಮೇರಿಕೆಯಲ್ಲಿ ಜನಿಸಿದ ಇವರಿಗೆ ಎಳವೆಯಲ್ಲಿ ಮಾತೇ ಬಂದಿರಲಿಲ್ಲ. ಮುಂದೆ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕರಾದರು. ದನಗಳು ಓಣಿಯಲ್ಲಿ ಹೆಜ್ಜೆ ಕೀಳದೆ ನಿಂತಾಗ ಇತರರು ಬಾರುಕೋಲು ಹಿಡಿದರೆ, ಇವರು ತಾವೇ ಆ ಓಣಿಯೊಳಗೆ ನಡೆದು ದನದ ಕಣ್ಣಿನ ಎತ್ತರದಿಂದ ನೋಡಿದರು. ತೂಗಾಡುವ ಸರಪಳಿ, ನೆಲದ ಮೇಲಿನ ನೆರಳು, ಸುಯ್ಯೆನ್ನುವ ಗಾಳಿಯ ಸದ್ದು, ಇಂಥ ಅಲ್ಪ ಕಾರಣಗಳನ್ನು ಕಂಡುಹಿಡಿದು ತೆಗೆಯಿಸಿದರು. ದನಗಳು ಹೊಡೆತವಿಲ್ಲದೆ ನಡೆದವು. ಅಲ್ಪ ಸದ್ದು ಎಷ್ಟು ದೊಡ್ಡದಾಗಬಲ್ಲದೆಂದು ಅವರಿಗೆ ತಮ್ಮ ಮೈಯೇ ಕಲಿಸಿತ್ತು. ಹರೆಯದಲ್ಲಿ ತಮ್ಮ ಚಿಕ್ಕಮ್ಮನ ದನಗಳ ಹೊಲದಲ್ಲಿ, ಎರಡು ಹಲಗೆಗಳ ನಡುವೆ ಒತ್ತಿ ಹಿಡಿದ ದನ ಶಾಂತವಾಗುವದನ್ನು ಕಂಡು, ತಮ್ಮ ಮೈಯನ್ನು ಹಾಗೆಯೇ ಒತ್ತಿ ಹಿಡಿಯುವ ಯಂತ್ರವೊಂದನ್ನು ಅವರು ಮಾಡಿಕೊಂಡರು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಅಜ್ಜಿಯ ಕೌದಿಯನ್ನು ನೆನೆದೆ. ಓದು ಬರಹ ಬಾರದ ಆ ಮುದುಕಿ ಅದೇ ಮದ್ದನ್ನು ಬಲ್ಲವಳಾಗಿದ್ದಳು.

ಇನ್ನೊಬ್ಬರು ನಮ್ಮ ನಾಡಿನ ನೀರು ಕುಡಿದು ಬೆಳೆದವರು. ತೀತೊ ರಾಜರ್ಷಿ ಮುಖೋಪಾಧ್ಯಾಯ ಅವರು ಬಾಲ್ಯವನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದರು. ಬಾಯಿಂದ ಸರಾಗವಾಗಿ ಮಾತಾಡಲಾರದ ಈ ಹುಡುಗನಿಗೆ ತಾಯಿ ಸೋಮಾ ಅವರು ಬರೆಯಲು ಕಲಿಸಿದರು. ಎಂಟರಿಂದ ಹನ್ನೊಂದು ವರ್ಷದ ನಡುವೆ ಅವರು ಇಂಗ್ಲಿಷಿನಲ್ಲಿ ಬರೆದದ್ದು ೨೦೦೦ದಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದಿತು. ತನ್ನೊಳಗೆ ಯೋಚಿಸುವ ತಾನೊಂದು, ವರ್ತಿಸುವ ತಾನೊಂದು ಎಂದು ಎರಡಿವೆಯೆಂಬುದನ್ನೂ, ಎರಡಕ್ಕೂ ಹೊಂದಿಕೆಯಾಗದೆ ಒದ್ದಾಡುವದನ್ನೂ ಅವರು ಅದರಲ್ಲಿ ಹೇಳಿದ್ದಾರೆ. ನೋಡುವದನ್ನೂ ಕೇಳುವದನ್ನೂ ಒಂದೇ ವೇಳೆಗೆ ಮಾಡುವದು ಅವರಿಗೆ ಕಠಿಣ. ಗುರುಗಳು ಮಾತಾಡುವಾಗ ನಾನು ಅವರ ಮುಖ ನೋಡದೆ ನೆಲ ನೋಡುವದು ಅಗೌರವದಿಂದಲ್ಲವೆಂದು ಇಷ್ಟರಿಂದ ತಿಳಿದೀತು. ಮುಖ ನೋಡಿದರೆ ಮಾತು ಜಾರುತ್ತದೆ; ಮಾತು ಬೇಕೆಂದು ಮುಖವನ್ನು ಬಿಡುತ್ತೇನೆ.

ಈಗ ನನ್ನ ಮೇಲೆ ನಡೆದ ಒಂದು ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಎರಡನೆಯ ವರ್ಷದ ಇತಿಹಾಸದ ಪರೀಕ್ಷೆ. ನನ್ನ ತಲೆಯ ಮೇಲೆಯೇ ಕೆಡಲಾರಂಭಿಸಿದ ಒಂದು ಟ್ಯೂಬ್‌ಲೈಟು. ಹಳೆಯ ಬಗೆಯ ಚೋಕು ಇರುವ ಟ್ಯೂಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಬಹುಜನರ ಕಣ್ಣಿಗೆ ಅದು ತಿಳಿಯುವದಿಲ್ಲ. ಕೆಟ್ಟ ಟ್ಯೂಬಿನ ಮಿಣುಕು ಎಲ್ಲರಿಗೂ ಕಾಣುತ್ತದೆ. ನನಗೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಪಕ್ಕದಲ್ಲಿ ಕಿರುಗುಟ್ಟುವ ಫ್ಯಾನು. ಹೊರಗೆ ರಸ್ತೆಯ ಬದಿಗೆ ಕಬ್ಬಿಣ ಕತ್ತರಿಸುವ ಯಂತ್ರ. ಪ್ರಶ್ನೆಪತ್ರಿಕೆಯಲ್ಲಿ ಹಾನಗಲ್ಲ ಕದಂಬರ ಬಗೆಗೆ ಒಂದು ಪ್ರಶ್ನೆಯಿತ್ತು. ತಾರಕೇಶ್ವರ ಗುಡಿಯ ಕಂಬಗಳನ್ನು ಎಣಿಸುತ್ತ ಬೆಳೆದವಳು ನಾನು. ಉತ್ತರ ನನಗೆ ಬಾಯಿಪಾಠ. ಆದರೂ ಅಕ್ಷರಗಳು ಕಾಗದದ ಮೇಲೆ ನಿಲ್ಲಲಿಲ್ಲ. ನಲವತ್ತು ನಿಮಿಷ ಕುಳಿತು, ಬರಿಯ ಕಾಗದ ಕೊಟ್ಟು ಹೊರಬಂದೆ. ನಾಪಾಸಾದೆ. ಅಪ್ಪ ಬೈಯಲಿಲ್ಲ. "ಆಗೂದಿಲ್ಲಂದ್ರ ಬಿಡವ್ವಾ, ಮನ್ಯಾಗ ಇರು. ಯಾಕ ಜೀವಾ ತೇಯ್ತಿ?" ಎಂದ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಇಂಥ ಮನೆಗಳಲ್ಲಿ ಹುಡುಗಿಯರ ಓದು ನಿಲ್ಲುವದು ಬೈಗುಳಿನಿಂದಲೇ ಎಂದು ತಿಳಿಯಬಾರದು. ಎಷ್ಟೋ ಸಲ ಅದು ಹೀಗೆ ಕರುಣೆಯಿಂದ ನಿಲ್ಲುತ್ತದೆ.

ನಿಲ್ಲದಂತೆ ಮಾಡಿದ್ದು ನಮ್ಮ ಗುರುಗಳೊಬ್ಬರ ಒಂದು ಪ್ರಶ್ನೆ. ಏಕೆ ಬರೆಯಲಿಲ್ಲವೆಂದು ಅವರು ಕೇಳಲಿಲ್ಲ. "ಎಲ್ಲಿ ಕುಂತರ ನಿನಗ ಬರಿಯಾಕ ಆಕ್ಕೈತಿ, ಹೇಳವಾ" ಎಂದರು. ಅಲ್ಲಿಯವರೆಗೆ ಹಾಗೆ ಯಾರೂ ಕೇಳಿದ್ದಿಲ್ಲವಾದ್ದರಿಂದ ನನ್ನಲ್ಲಿ ಉತ್ತರವೂ ಇದ್ದಿಲ್ಲ. ಎರಡು ದಿನ ವಿಚಾರ ಮಾಡಿ, ಕಿಟಕಿಯ ಪಕ್ಕ, ಗೋಡೆಗೆ ಬೆನ್ನು, ಟ್ಯೂಬಿನಿಂದ ದೂರ, ಕಿವಿಯಲ್ಲಿ ಹತ್ತಿ ಎಂದು ಚೀಟಿ ಬರೆದುಕೊಟ್ಟೆ. ಮುಂದಿನ ಸಲ ಹಾಗೆಯೇ ಕುಳಿತು ಅದೇ ಪತ್ರಿಕೆಯನ್ನು ಬರೆದೆ, ಪಾಸಾದೆ. ಖರ್ಚಾದದ್ದು ಹತ್ತಿಯ ಒಂದು ಉಂಡೆ. ವೈದ್ಯರ ಬಳಿಗೆ ಹೋಗುವ ಸಲಹೆ ಬಂದದ್ದೂ ಅವರಿಂದಲೇ. ವೈದ್ಯರು ಹೆಸರು ಹೇಳಿದ ದಿನ ಅವ್ವ ಅತ್ತಳು. ದುಃಖಕ್ಕೆಂದು ನಾನು ತಿಳಿದೆ. "ಹಂಗಾರ ನಾ ಕೆಡಿಸಿದ್ದಲ್ಲಲ್ಲಾ" ಎಂದಳು.

ಇಂಥ ಪ್ರಶ್ನೆ ಕೇಳುವದು ನಮ್ಮ ಮಣ್ಣಿಗೆ ಹೊಸದೇನೂ ಅಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಹುಟ್ಟಿದ ಕುರುಡು ಬಾಲಕನೊಬ್ಬನ ಕಂಠವನ್ನು ಹಾನಗಲ್ಲ ಕುಮಾರಸ್ವಾಮಿಗಳು ಗುರುತಿಸಿ ಸಂಗೀತ ಕಲಿಯುವ ಅನುಕೂಲ ಮಾಡಿಕೊಟ್ಟರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ಅದೇ ತಾಲೂಕಿನ ದೇವಗಿರಿಯಲ್ಲಿ ೧೯೧೪ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡ ಇನ್ನೊಬ್ಬ ಬಾಲಕ ಅವರ ಶಿಷ್ಯರಾದರು, ೧೯೪೪ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು, ೨೦೧೦ರಲ್ಲಿ ಪದ್ಮಭೂಷಣರಾದರು. ಅವರೇ ಪುಟ್ಟರಾಜ ಗವಾಯಿಗಳು. "ಕತ್ತಲೆ ರೂಢಿಯಾಗುತ್ತದೆ, ಎಲ್ಲರಂತೆ ಓದು" ಎಂದು ಇವರನ್ನು ಕೂಡಿಸಿದ್ದರೆ ನಾಡಿಗೆ ಏನು ಉಳಿಯುತ್ತಿತ್ತು? ಇವರಿಗೆ ಯಾವ ದಾರಿಯಿಂದ ವಿದ್ಯೆ ಒಳಗೆ ಹೋದೀತೆಂದು ಹಿರಿಯರು ನೋಡಿದರು. ಕಿವಿಯ ದಾರಿ ಹಿಡಿದರು. ಇಂದ್ರಿಯ ಇಲ್ಲದ್ದನ್ನು ಅರ್ಥ ಮಾಡಿಕೊಂಡ ನಾಡು ಇಂದ್ರಿಯ ಅತಿಯಾದದ್ದನ್ನೂ ಅರ್ಥ ಮಾಡಿಕೊಳ್ಳಬಲ್ಲದೆಂದು ನನ್ನ ನಂಬಿಗೆ. ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಅತಿಯಾದದ್ದು ಕಾಣುವದಿಲ್ಲ. ತೊಡಕು ಇರುವದು ಇಷ್ಟರಲ್ಲಿಯೇ.

ಕಾಯದೆಯೂ ನಮ್ಮ ಪರವಾಗಿದೆ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯದೆಯು ೨೧ ಬಗೆಯ ವೈಕಲ್ಯಗಳನ್ನು ಎಣಿಸುತ್ತದೆ, ಆಟಿಸಂ ಅವುಗಳಲ್ಲೊಂದು. ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಸೂಕ್ತ ಮಾರ್ಪಾಟು ಮಾಡಿಕೊಡಬೇಕೆಂದು ಅದು ವಿಧಿಸುತ್ತದೆ. ೨೦೧೮ರ ಕೇಂದ್ರ ಸರಕಾರದ ಮಾರ್ಗಸೂಚಿಯು, ಶೇಕಡಾ ೪೦ ಹಾಗೂ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿದ್ದು ಅರ್ಹರಾದವರಿಗೆ ಪರೀಕ್ಷೆಯಲ್ಲಿ ತಾಸಿಗೆ ಕನಿಷ್ಠ ೨೦ ನಿಮಿಷ ಹೆಚ್ಚಿನ ವೇಳೆ ಸಿಗಬೇಕೆಂದು ವಿಧಿಸಿತ್ತು. ೨೦೨೧ರ ಫೆಬ್ರುವರಿಯಲ್ಲಿ ವಿಕಾಸ ಕುಮಾರ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ಗೆರೆಯೊಳಗೆ ಬಾರದವರಿಗೂ ಅಗತ್ಯವಿದ್ದರೆ ಲಿಪಿಕಾರರ ಸೌಲಭ್ಯ ನಿರಾಕರಿಸಲಾಗದೆಂದು ತೀರ್ಪಿತ್ತಿತು. ಸದ್ದಿನ ಮಾತಿಗೆ ಬಂದರೆ, ೨೦೦೦ದ ಶಬ್ದಮಾಲಿನ್ಯ ನಿಯಮಗಳು ಶಾಲೆ, ಕಾಲೇಜು, ಆಸ್ಪತ್ರೆಗಳ ಸುತ್ತ ೧೦೦ ಮೀಟರಿಗೆ ಕಡಿಮೆಯಿಲ್ಲದ ಪ್ರದೇಶವನ್ನು ಶಾಂತ ವಲಯವೆಂದು ಸಾರಲು ಅವಕಾಶ ಕೊಟ್ಟಿವೆ. ಅಂಥಲ್ಲಿ ಹಗಲಿನ ಮಿತಿ ೫೦ ಡೆಸಿಬೆಲ್. ಈ ನಿಯಮವನ್ನು ನನ್ನಂಥವರಿಗಾಗಿ ಬರೆದದ್ದಲ್ಲ. ಎಲ್ಲರ ಓದಿಗಾಗಿ ಬರೆದದ್ದು.

"ಒಬ್ಬಳಿಗಾಗಿ ಎಲ್ಲರೂ ಬಾಯಿ ಕಟ್ಟಿಕೊಳ್ಳಬೇಕೆ?" ಎಂದು ಕೆಲವರು ಕೇಳಬಹುದು. ಬೇಡ. ಹಬ್ಬ ನಿಲ್ಲಲಿ, ಗ್ಯಾದರಿಂಗಿನಲ್ಲಿ ಹಾಡು ಬೇಡ ಎಂದು ನಾನು ಎಂದೂ ಹೇಳುವವಳಲ್ಲ. ನನ್ನ ತ‌ಮ್ಮ ಹೋರಿಯ ಹಿಂದೆ ಓಡುವವನೇ. ಅವನು ಗೆದ್ದು ತಂದ ಕೊಬ್ಬರಿಯನ್ನು ನಾನೂ ತಿಂದಿದ್ದೇನೆ. "ನಾಳೆ ನೌಕರಿಗೆ ಹೋದಲ್ಲಿ ಯಾರು ಸದ್ದು ನಿಲ್ಲಿಸುತ್ತಾರೆ? ಈಗಲೇ ಗಟ್ಟಿಯಾಗಬೇಡವೆ?" ಎಂದು ಇನ್ನು ಕೆಲವರು ಕೇಳಬಹುದು. ಈ ಮಾತಿನಲ್ಲಿ ಕಳಕಳಿಯಿದೆ. ಆದರೆ ಗಟ್ಟಿಯಾಗುವದಕ್ಕೂ ಬಲ ಬೇಕು. ದಿನದ ಬಲವೆಲ್ಲ ನೋವನ್ನು ಮುಚ್ಚಿಡುವದರಲ್ಲಿಯೇ ತೀರಿಹೋದರೆ ಓದಿಗೆ ಏನು ಉಳಿದೀತು? ದೂರದ್ದು ಕಾಣದವನನ್ನು ಮೊದಲ ಬೆಂಚಿಗೆ ಕೂಡಿಸುತ್ತೇವೆ. ಅದರಿಂದ ಅವನು ಮೆತ್ತಗಾದನೆಂದು ಯಾರೂ ಹೇಳಿದ್ದಿಲ್ಲ.

ನಾನು ಬೇಡುವದು ಇಷ್ಟೇ. ತಾಸಿನ ಗಂಟೆಯನ್ನು ತರಗತಿಯ ಬಾಗಿಲಿನಿಂದ ದೂರ ಸರಿಸಬೇಕು. ಪರೀಕ್ಷೆಗೆ ಮುಂಚೆ ಕೆಟ್ಟ ಟ್ಯೂಬುಗಳನ್ನು ಬದಲಿಸಬೇಕು. ಕಾರಣ ಹೇಳಿ ಅರ್ಜಿ ಕೊಟ್ಟವರಿಗೆ ತಕ್ಕ ಸ್ಥಳ ಕೊಡಬೇಕು. ಗ್ರಂಥಾಲಯದ ಒಂದು ಮೂಲೆಯನ್ನು ನಿಶ್ಶಬ್ದವಾಗಿಡಬೇಕು. ಅಲ್ಲಿಯ ಕುರ್ಚಿಗಳ ಕಾಲಿಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಕಟ್ಟಿದರೆ ಎಳೆಯುವ ಸದ್ದು ಅಡಗುತ್ತದೆ, ಖರ್ಚೂ ಇಲ್ಲ. ಗ್ಯಾದರಿಂಗಿನ ದಿನ ದೊಡ್ಡ ಸ್ಪೀಕರು ಎಷ್ಟು ಹೊತ್ತಿಗೆ ಆರಂಭವೆಂದು ಮೊದಲೇ ತಿಳಿಸಬೇಕು. ಎದ್ದು ಹೋಗುವವರನ್ನು ಕೈಹಿಡಿದು ಎಳೆಯಬಾರದು. ಗೆಳತಿಯರೇ, ಗೆಳೆಯರೇ, ಕಿವಿ ಮುಚ್ಚಿಕೊಂಡು ಹೊರಗೆ ನಡೆದವರ ಬೆನ್ನು ಹತ್ತಿ "ಏನಾತು, ಏನಾತು" ಎಂದು ಕೇಳಬೇಡಿರಿ. ಒಂದಿಷ್ಟು ಹೊತ್ತು ಬಿಟ್ಟು ಒಂದು ಲೋಟ ನೀರು ಕೊಡಿರಿ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸೀನುವವನಿಗೆ ನಮ್ಮ ಜನ ಕೊಡುವದೂ ಅದನ್ನೇ.

ಈ ವರ್ಷ ನಾನು ಕಾಲೇಜು ಬಿಟ್ಟು ಹೋಗುವವಳು. ಆದ್ದರಿಂದ ಮೇಲೆ ಬೇಡಿದ್ದರಲ್ಲಿ ಹೆಚ್ಚಿನದು ನನ್ನ ಉಪಯೋಗಕ್ಕೆ ಬಾರದು. ಆದರೆ ಬರುವ ವರ್ಷ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಹೊಸಬರು ಬರುತ್ತಾರೆ. ಅವರಲ್ಲಿ ಯಾರೋ ಒಬ್ಬಳು ಗಂಟೆ ಬಾರಿಸಿದಾಗ ಮುಖ ಹಿಂಡಿಕೊಂಡಾಳು. ಯಾರೋ ಒಬ್ಬನು ಗುರುಗಳ ಮುಖ ನೋಡದೆ ನೆಲ ನೋಡಿಯಾನು. ಅವರಿಗೆ ತಮ್ಮ ತೊಂದರೆಯ ಹೆಸರು ಗೊತ್ತಿರಲಿಕ್ಕಿಲ್ಲ, ಪ್ರಮಾಣಪತ್ರವಂತೂ ಇರಲಿಕ್ಕಿಲ್ಲ. ಗುರುಗಳು ಅವರಿಗೂ ಆ ಒಂದು ಪ್ರಶ್ನೆಯನ್ನು ಕೇಳಬೇಕು: ಎಲ್ಲಿ ಕುಳಿತರೆ ನಿನಗೆ ಬರೆಯಲು ಆಗುತ್ತದೆ? ಉತ್ತರ ಕೂಡಲೆ ಬಾರದಿದ್ದರೆ ಎರಡು ದಿನ ಕಾಯಬೇಕು. ಇದೇ ನನ್ನ ಅರಿಕೆ.